ಹದಿನೇಳೆಂಟ್ಲ ಎಷ್ಟು

ಲೆಕ್ಕವೆಂಬುದು ನಾಗರಿಕತೆಯ ತಳಪಾಯದ ಕಲ್ಲು ಎಂದು ಬಲ್ಲವರು ಹೇಳುತ್ತಾರೆ. ಆ ಕಲ್ಲಿನಡಿ ನನ್ನ ಹೆಬ್ಬೆರಳು ಸಿಕ್ಕಿಕೊಂಡದ್ದು ಎರಡನೆಯ ಕ್ಲಾಸಿನಲ್ಲಿ. ಇನ್ನೂ ಬಿಡಿಸಿಕೊಂಡಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಾರ್ಖಾನೆಯೊಂದರಲ್ಲಿ, ತಗಡು ಒತ್ತುವ ಅಚ್ಚುಗಳ ಡ್ರಾಯಿಂಗ್ ಬರೆಯುತ್ತಿದ್ದೆ. ನನ್ನ ಡ್ರಾಯಿಂಗಿನಂತೆ ಮಾಡಿದ ಅಚ್ಚಿನ ಎರಡು ಭಾಗಗಳ ನಡುವೆ ಕೂದಲೆಳೆಯೂ ನುಗ್ಗದು ಎಂಬ ಕೀರ್ತಿ ನನಗಿತ್ತು. ಆದರೆ ಕ್ಯಾಂಟೀನಿನಲ್ಲಿ ಎಂಟು ಜನಕ್ಕೆ ತಲಾ ಮೂರರಂತೆ ಎಷ್ಟು ಇಡ್ಲಿ ಎಂದು ನಾನು ಹೇಳುವ ಹೊತ್ತಿಗೆ ಇಡ್ಲಿ ಮುಗಿದಿರುತ್ತಿತ್ತು.

ಇದು ಸೋಮಾರಿತನವಲ್ಲ. ಅಂಕಿಗಳಿಗೆ ಕೂರಲು ನನ್ನಲ್ಲಿ ಒಂದು ಜಾಗ ಬೇಕು: ಕಾಗದದ ಮೇಲಿನ ಗೆರೆಯೋ, ಅಳತೆಪಟ್ಟಿಯ ಗೀಟೋ. ತಲೆಯಲ್ಲಿ ಕೂರಿಸಿದರೆ ಎದ್ದು ಹೋಗುತ್ತವೆ. ಚಿಕ್ಕಂದಿನಲ್ಲಿ ದೀಪ ಹಚ್ಚಿದ ಮೇಲೆ ಮನೆಯ ಮಕ್ಕಳೆಲ್ಲ ಸಾಲಾಗಿ ಕೂತು ಮಗ್ಗಿ ಒಪ್ಪಿಸುವಾಗ, ನಾನು ರಾಗವನ್ನು ಮಾತ್ರ ತಪ್ಪಿಲ್ಲದೆ ಹಾಡುತ್ತಿದ್ದೆ. ದೊಡ್ಡವನಾದ ಮೇಲೆ ಗೇಣುದ್ದದ ಸ್ಲೈಡ್ ರೂಲ್ ಒಂದು ಸದಾ ಜೇಬಿನಲ್ಲಿರುತ್ತಿತ್ತು. ಒಂದು ಪಟ್ಟಿಯೊಳಗೆ ಇನ್ನೊಂದನ್ನು ಸರಿಸಿದರೆ ಗುಣಾಕಾರದ ಉತ್ತರ ತೋರಿಸುವ ಸಾಧನ ಅದು. ಅದಕ್ಕೂ ಒಂದು ಕೊರತೆ: ಅಂಕಿಗಳನ್ನು ತೋರಿಸುತ್ತದೆ, ಪಾಯಿಂಟು ಎಲ್ಲಿ ಬೀಳಬೇಕೆಂದು ಹೇಳುವುದಿಲ್ಲ. ಅಷ್ಟನ್ನು ಬಳಸುವವನ ಬುದ್ಧಿಗೆ ಬಿಟ್ಟಿದ್ದಾರೆ.

ಆ ಜೇಬಿನ ಸಮೇತ ಒಂದು ಭಾನುವಾರ ಅಮ್ಮನ ಜೊತೆ ವಿಜಯನಗರಕ್ಕೆ ಹೆಣ್ಣು ನೋಡಲು ಹೋದೆ. ಹುಡುಗಿಯ ತಂದೆ ನಿವೃತ್ತ ಗಣಿತದ ಮೇಷ್ಟ್ರು. ಉಪ್ಪಿಟ್ಟು ತಂದಿಟ್ಟ ಹುಡುಗಿ ನನ್ನ ಮುಖ ನೋಡಲಿಲ್ಲ. ಜೇಬಿನಿಂದ ಇಣುಕುತ್ತಿದ್ದ ಸ್ಲೈಡ್ ರೂಲನ್ನು ನೋಡಿದಳು, ಎರಡು ಸಲ. ಅಮ್ಮನ ಒತ್ತಾಯಕ್ಕೆ ಬಂದಿದ್ದ ನನಗೆ, ಈ ಸಂಬಂಧ ಕೂಡಿಬಂದರೆ ಸಾಕಪ್ಪಾ ಎನ್ನಿಸಿದ್ದು ಆಗಲೇ.

ಬೇರೆ ಮನೆಗಳಲ್ಲಿ ಹುಡುಗಿಯಿಂದ ಹಾಡು ಹೇಳಿಸುತ್ತಿದ್ದರು. ಈ ಮನೆಯಲ್ಲಿ ಹುಡುಗನಿಂದ ಮಗ್ಗಿ ಹೇಳಿಸುವ ಪದ್ಧತಿ ಎಂಬುದು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡಾಗ ತಿಳಿಯಿತು.

“ಏನಪ್ಪಾ, ಹದಿನೇಳೆಂಟ್ಲ?”

ಕೈ ತಾನಾಗಿ ಜೇಬಿಗೆ ಹೋಯಿತು. ಪಟ್ಟಿ ಸರಿಸಿದೆ, ಗೀಟು ಓದಿದೆ, ಕಂಡದ್ದನ್ನು ಕಂಡ ಹಾಗೆ ಹೇಳಿದೆ.

“ಒಂದು ಪಾಯಿಂಟ್ ಮೂರು ಆರು, ಸಾರ್.”

ಮೇಷ್ಟ್ರು ಶೋಕಸಭೆಯಲ್ಲಿ ಎದ್ದು ನಿಂತವರ ಗಾಂಭೀರ್ಯದಲ್ಲಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಹದಿನೇಳನ್ನ ಎಂಟು ಸಲ ಕೂಡಿದ್ರೆ ಒಂದೂ ಚಿಲ್ಲರೆ! ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯ್ತಪ್ಪಾ?”

“ಡ್ರಾಯಿಂಗಲ್ಲಿ ಭಾಳ ಚುರುಕು ನಮ್ಮ ಹುಡುಗ,” ಎಂದರು ಅಮ್ಮ.

“ಇರ್ಬೋದಮ್ಮ. ನಾನು ಮಗಳನ್ನ ಡ್ರಾಯಿಂಗಿಗೆ ಕೊಡ್ತಿಲ್ವಲ್ಲ.”

ಗಾಬರಿಯಲ್ಲಿ ತಪ್ಪಿತು ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಆಮೇಲೆ ಹದಿನೆಂಟರ ಮಗ್ಗಿ ಬರುತ್ತದೆ, ಹತ್ತೊಂಬತ್ತರದು ಬರುತ್ತದೆ. ಬದುಕಿಡೀ ಗಾಬರಿಯಾಗಿದ್ದೇನೆ ಎಂದು ನಟಿಸಬೇಕಾಗುತ್ತದೆ. ಕಾರ್ಖಾನೆಯಲ್ಲಿ ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಹೊರಗೆ ಹಾಕಿದೆ.

“ನಂಗೆ ಮಗ್ಗಿ ಬರಲ್ಲ ಸಾರ್. ಚಿಕ್ಕೋನಿದ್ದಾಗಿಂದ್ಲೂ ಬರಲ್ಲ. ಕಣ್ಣಿಗೆ ಕಾಣೋ ಹಾಗೆ ಬರೆದ್ಕೊಂಡ್ರೆ ಮಾತ್ರ ಆಗತ್ತೆ.”

ಅಮ್ಮ ಸೆರಗು ಹೊದ್ದು ಏಳುವ ಸಿದ್ಧತೆ ಮಾಡಿಕೊಂಡರು. ಆಗ ಅಡುಗೆಮನೆಯ ಬಾಗಿಲಿಂದ ಹುಡುಗಿಯ ದನಿ ಬಂತು.

“ಅಪ್ಪಾ, ಅಂಕಿ ಸರಿಯಾಗೇ ಇದೆಯಲ್ಲಾ. ಒಂದು, ಮೂರು, ಆರು.” ಆಮೇಲೆ ನನ್ನ ಕಡೆಗೆ, “ಪಾಯಿಂಟು ಎಲ್ಲಿಡ್ಬೇಕು ಅಂತ ಅದು ತೋರ್ಸಲ್ವಾ?”

“ಇಲ್ಲ. ಅದನ್ನ ನಾವೇ ಇಟ್ಕೋಬೇಕು.”

ಆಕೆ ತುಸು ಯೋಚಿಸಿ ತಂದೆಗೆ ಹೇಳಿದಳು: “ನಂಗೆ ಇಡಕ್ಕೆ ಬರತ್ತೆ, ಅಪ್ಪಾ.”

ಮೇಷ್ಟ್ರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಕೈಚಾಚಿ ಸ್ಲೈಡ್ ರೂಲ್ ತೆಗೆದುಕೊಂಡು ಅದರ ಎರಡೂ ಬದಿ ಪರೀಕ್ಷಿಸಿದರು.

“ಕಾಫಿ ತಗೊಂಡ್ಬಾಮ್ಮ,” ಎಂದರು.

ಮುಂದಿನ ವೈಶಾಖದಲ್ಲಿ ನಮ್ಮ ಮದುವೆಯಾಯಿತು.