ಒಂದೇ ಟ್ಯೂಬಿನ ದೋಣಿ

ನನ್ನ ಗಂಡ ಬಡಿಗ. ಇಬ್ರಾಹಿಂಪುರದಲ್ಲಿ ಅವರು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಇರುವೆಯೂ ನುಸುಳದು ಎಂಬ ಹೆಸರಿದೆ. ಬಬಲೇಶ್ವರದಾಚೆಯ ಕೆರೆಗೆ ಕಾಲುವೆ ನೀರು ಬಂದು ತುಂಬಿದ್ದನ್ನು ಕಂಡ ದಿನವೇ ಅವರಿಗೆ ದೋಣಿಯ ಹುಚ್ಚು ಹಿಡಿಯಿತು. ನಮ್ಮಿಬ್ಬರಿಗೂ ಈಜು ಬಾರದು. ಕೊಡ ನೀರಿಗೆ ಸರದಿ ನಿಲ್ಲುವವರಿಗೆ ದೋಣಿ ಯಾಕೆ ಎಂದು ಬೈದೆ. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು.

ಫೋನಿನಲ್ಲಿ ನೋಡಿ ನೋಡಿ ಹಿತ್ತಲಲ್ಲಿ ಸಣ್ಣದೊಂದು ದೋಣಿ ಕಟ್ಟಿದರು. ಎರಡು ಹುಟ್ಟು, ನಡುವೆ ಒಂದು ಕಂಬ, ಹಾಯಿಗೆ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನ ಹಳೆಯ ತಾಡಪತ್ರಿ. ಬಾಗಿಲ ಹಲಗೆಯಂತೆ ದೋಣಿಯನ್ನೂ ಬೇಸಿಗೆಯೆಲ್ಲ ಬಿಸಿಲಿಗಿಟ್ಟರು. ಒಣಗಿದಷ್ಟೂ ಗಟ್ಟಿ ಎಂಬುದು ಅವರ ಲೆಕ್ಕ.

ಟೆಂಪೊದಲ್ಲಿ ಕೆರೆಗೆ ಒಯ್ದೆವು. ತಾವೊಬ್ಬರೇ ಹೋಗುವುದೆಂದು ತೇಲಲು ಗಾಳಿ ತುಂಬಿದ ಲಾರಿಯ ಟ್ಯೂಬು ಒಂದೇ ತಂದಿದ್ದರು. ಬುತ್ತಿ ಹಿಡಿದು ದಂಡೆಯಲ್ಲಿ ನಿಂತವಳಿಗೆ ಅವರನ್ನು ಒಬ್ಬರನ್ನೇ ಬಿಡಲು ಮನಸ್ಸಾಗಲಿಲ್ಲ. ಹತ್ತಿ ಕುಳಿತೆ.

ಗಾಳಿಗೆ ತಾಡಪತ್ರಿ ಉಬ್ಬಿತು. ದಂಡೆ ದೂರ ಸರಿಯಿತು. ಆಗ ಅಂಗಾಲು ತಣ್ಣಗಾಯಿತು. ನೋಡಿದರೆ ಹಲಗೆಯ ಸಂದಿಗಳಲ್ಲೆಲ್ಲ ನೀರು ಒಸರುತ್ತಿದೆ. ಅವರು ಹಾಯಿ ಇಳಿಸಿ, ದೋಣಿ ತಿರುಗಿಸಿ, ಹುಟ್ಟು ಹಾಕತೊಡಗಿದರು. ನಾನು ಪಲ್ಯದ ಡಬ್ಬಿಯನ್ನು ಕೆರೆಗೆ ಬರಿದು ಮಾಡಿ ನೀರು ಮೊಗೆಮೊಗೆದು ಚೆಲ್ಲಿದೆ. ಚೆಲ್ಲಿದಷ್ಟೂ ಬರುತ್ತಿತ್ತು. ಮೀನಖಂಡದವರೆಗೆ ಏರಿತು.

ಅವರು ಹುಟ್ಟು ಬಿಟ್ಟು ಟ್ಯೂಬನ್ನು ನನ್ನ ಕೊರಳಿಗೆ ಹಾಕಿದರು.

"ನೀ ಹಾಕ್ಕೊ. ಒಂದ ಐತಿ."

ಕಿತ್ತು ಅವರ ಮೇಲೆಯೇ ಒಗೆದೆ.

"ನಾ ಒಬ್ಬಾಕಿ ದಂಡಿ ಮುಟ್ಟಿ ಯಾರ ಜೋಡಿ ಜಗಳಾಡ್ಲಿ? ಸುಮ್ನ ಹುಟ್ಟ ಹಾಕ್ರಿ."

ಟ್ಯೂಬು ನಮ್ಮಿಬ್ಬರ ನಡುವೆ ಬಿದ್ದಿತ್ತು. ಇಬ್ಬರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಡಬ್ಬಿ ಅರ್ಧವಷ್ಟೇ ತುಂಬತೊಡಗಿತು. ಕೈ ಸೋತವೆಂದುಕೊಂಡೆ. ಅಲ್ಲ, ಸಂದಿಗಳು ಮುಚ್ಚಿಕೊಳ್ಳುತ್ತಿದ್ದವು. ಬೇಸಿಗೆಯಲ್ಲಿ ಸಡಿಲಾದ ಚಕ್ಕಡಿ ಗಾಲಿಯನ್ನು ಹಳ್ಳದಲ್ಲಿ ನೆನೆಹಾಕಿದರೆ ಕಟ್ಟಿಗೆ ಉಬ್ಬಿ ಬಿಗಿಯಾಗುತ್ತದೆ. ನನ್ನ ತವರು ಬಿಜ್ಜರಗಿಯಲ್ಲಿ ಇದನ್ನು ಅರಿಯದವರಿಲ್ಲ. ದೋಣಿಗೂ ಅದೇ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ದಂಡೆ ಮುಟ್ಟಿದ ಮೇಲೆ ಬೈಯಲು ಬಾಯಿ ತೆರೆದೆ, ಅಳು ಬಂತು. ಅವರು ರೂಢಿಯಂತೆ ದೋಣಿಯನ್ನು ಬಿಸಿಲಿಗೆ ಬೋರಲು ಹಾಕಲು ಹೋದರು. ಅಳುತ್ತಲೇ ಬೇಡವೆಂದೆ.

ಈಗ ಕೆರೆಗೆ ಹೋಗುವ ಹಿಂದಿನ ದಿನ ದೋಣಿಯೊಳಗೆ ನಾನೇ ಕೊಡ ಕೊಡ ನೀರು ಸುರಿಯುತ್ತೇನೆ. ಆವತ್ತಿನ ಮಾತನ್ನು ಅವರು ಎಂದೂ ಎತ್ತಿದವರಲ್ಲ. ಒಂದು ದಿನ ಮಾತ್ರ ಇನ್ನೊಂದು ಟ್ಯೂಬು ತಂದು ನನ್ನ ಕೈಗಿಟ್ಟರು.

"ಇನ್ನ ಜಗಳಕ್ಕ ಇಬ್ಬರೂ ಉಳೀತೀವಿ."