ಫ್ರಿಜ್ಜಿನಿಂದ ಹೊರಟ ಹೊಗೆ

ಇದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನು ಸೇರಿಸಿಕೊಂಡದ್ದೆಷ್ಟು ಎಂದು ನನಗೆ ಖಚಿತವಿಲ್ಲ. ಫ್ರಿಜ್ಜಿನ ಬಣ್ಣವನ್ನೇ ತೆಗೆದುಕೊಳ್ಳಿ. ನನ್ನ ನೆನಪಿನಲ್ಲಿ ಅದು ತಿಳಿನೀಲಿ. ಅಕ್ಕ ಕೆಂಪು ಅನ್ನುತ್ತಾಳೆ. ಬಾವ, "ಬಣ್ಣ ಎಲ್ಲಿತ್ತೋ, ಬರೀ ತುಕ್ಕು" ಅನ್ನುತ್ತಾರೆ. ಸಾಕ್ಷಿಗಳು ಒಂದೊಂದು ಮಾತು ಹೇಳಿದರೆ ಯಾರನ್ನೂ ಸುಮ್ಮನೆ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಆ ಸಾಕ್ಷಿಗಳಲ್ಲಿ ಒಬ್ಬ ನಾನೇ ಆಗಿದ್ದರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

ಅಕ್ಕನ ಮನೆ ಸುಗಟೂರಿನ ಆಚೆ. ಗ್ಯಾಸ್ ಬಂದ ಮೇಲೆ ಸೌದೆ ಒಲೆ ಹೋಯಿತು, ಅದರ ಜೊತೆ ಉಪ್ಪುಕಂಡದ ರುಚಿಯೂ ಹೋಯಿತು. ಉಪ್ಪು, ಅರಿಸಿನ ಹಚ್ಚಿದ ಮಾಂಸದ ಪಟ್ಟಿಗಳನ್ನು ದಾರಕ್ಕೆ ಪೋಣಿಸಿ ಒಲೆಯ ಮೇಲೆ ಕಟ್ಟುತ್ತಿದ್ದರು. ದಿನದಿನದ ಅಡುಗೆಯ ಹೊಗೆ ಕುಡಿದು ಅದು ಕಪ್ಪಾಗುತ್ತಿತ್ತು. ಬರೀ ಬಿಸಿಲಲ್ಲಿ ಒಣಗಿದ್ದು ಚಪ್ಪಲಿ ಅಗಿದಂತಿರುತ್ತದೆಂದು ಬಾವನ ದೂರು.

ಹಿತ್ತಲಲ್ಲಿ ಕೋಳಿ ಮೇವು ತುಂಬಿಡುತ್ತಿದ್ದ ಕೆಟ್ಟ ಫ್ರಿಜ್ಜನ್ನು ಹೊಗೆಯ ಪೆಟ್ಟಿಗೆ ಮಾಡೋಣ ಎಂದದ್ದು ಅವರೋ ನಾನೋ, ಅದೂ ಈಗ ಮಸುಕು. ಕಂಪ್ರೆಸರನ್ನು ಗುಜರಿಯವನು ಮೊದಲೇ ಬಿಚ್ಚಿಕೊಂಡು ಹೋಗಿದ್ದ. ಒಳಗಿನ ಪ್ಲಾಸ್ಟಿಕ್ಕು, ಅದರ ಹಿಂದಿನ ಸ್ಪಂಜು, ಬಾಗಿಲಿನ ರಬ್ಬರು ಎಲ್ಲ ಕಿತ್ತು, ಎಣ್ಣೆ ಡಬ್ಬಗಳನ್ನು ಬಿಡಿಸಿ ತಗಡು ಹೊದಿಸಿದೆವು. ಬೆಂಕಿ ಸ್ವಲ್ಪ ದೂರದಲ್ಲಿ ಹೂತ ಹಳೇ ಹಂಡೆಯಲ್ಲಿ. ಅಲ್ಲಿಂದ ಕಬ್ಬಿಣದ ಕೊಳವೆಯೊಳಗೆ ಹೊಗೆ ತಣ್ಣಗಾಗುತ್ತ ಬರಬೇಕು. ಉರಿಸಲು ಹಿಪ್ಪುನೇರಳೆ ಕಡ್ಡಿ, ಅಕ್ಕನ ರೇಷ್ಮೆಹುಳುಗಳು ಎಲೆ ತಿಂದು ಬಿಟ್ಟದ್ದು.

ಕಷ್ಟವಿದ್ದದ್ದು ಆ ಹುಳುಗಳದ್ದೇ. ಅವಕ್ಕೆ ಹೊಗೆ ಆಗದು. ಒಗ್ಗರಣೆ ಹಾಕುವಾಗಲೂ ಅಕ್ಕ ಆ ಬದಿಯ ಕಿಟಕಿ ಮುಚ್ಚುವವಳು. ಹಿಂದಿನ ಬೆಳೆ ರೋಗ ಬಂದು ಪೂರ್ತಿ ಗುಂಡಿಗೆ ಹೋಗಿತ್ತು. ಇದೂ ಹೋದರೆ ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕುವುದೆಂದು ಮನೆಯಲ್ಲಿ ಮಾತಾಗಿತ್ತು. ಅಕ್ಕನಿಗೆ ಅದು ಸುತರಾಂ ಬೇಡವಾಗಿತ್ತು.

"ಏನಂದ್ರೆ, ನನ್ನ ಹುಳದ ಮನೆ ಕಡೆ ಒಂದ್ ಎಳೆ ಹೊಗೆ ಬಂದ್ರೂ ಅದ್ರೊಳಗೆ ನಿಮ್ಮನ್ನೇ ನೇತಾಕ್ತೀನಿ," ಎಂದಳು ಬಾವನಿಗೆ.

"ನನ್ನ ಒಣಗ್ಸಿದ್ರೆ ಏನೇ ಸಿಕ್ತದೆ, ಮೂಳೆ. ನಿನ್ನ ತಮ್ಮ ಅವ್ನೆ ನೋಡು, ಕೂತು ಓದಿ ಓದಿ ಮೈ ಬೆಳ್ಸವ್ನೆ!"

ಅಕ್ಕ ಹಿಡಿ ಹೊಟ್ಟು ತೂರಿ ನೋಡಿದಳು. ಅದು ಕೆರೆಯ ಕಡೆಗೆ ಹಾರಿದ ಮೇಲೇ ಒಪ್ಪಿದ್ದು.

ಫ್ರಿಜ್ಜಿನ ಬಾಗಿಲ ಸಂದಿನಿಂದ, ನಿದ್ದೆಯಲ್ಲಿರುವವರ ಉಸಿರಿನಂತೆ, ಹೊಗೆ ಬರತೊಡಗಿತು. ಬಾವನೂ ನಾನೂ ಹೊಂಗೆಯ ನೆರಳಲ್ಲಿ ಕೂತೆವು. ಹೊಗೆ ಹುರುಳಿ ಹೊಲದ ಮೇಲೆ ಮೆಲ್ಲಗೆ ನಡೆದು, ಕೆರೆಯ ಒಣ ಅಂಗಳಕ್ಕಿಳಿದು, ಅಲ್ಲಿ ನೀರಿನಂತೆಯೇ ನೀಲಿಯಾಗಿ ನಿಂತಿತು. ಬಹಳ ಹೊತ್ತು ಆ ನೀರನ್ನೇ ನೋಡಿದೆ. ಒಂದು ಎಮ್ಮೆ ಅದರೊಳಗೆ ಮೊಣಕಾಲುದ್ದ ಇಳಿದು ದಾಟಿದಂತೆ ನೆನಪು. ನಾನು ನಿದ್ದೆ ಹೋಗಿದ್ದರೂ ಇರಬಹುದು.

"ಗಾಲಿ ತಿರಿಗಿಂದಿ ರಾ!"

ಗಾಬರಿಯಾದರೆ ಬಾವನ ಬಾಯಿಂದ ಬರುವುದು ತೆಲುಗೇ. ಗಾಳಿ ತಿರುಗಿತ್ತು. ಹೊಗೆ ಹುಳುಮನೆಯ ಪರದೆಯೊಳಗೆ ಸಲೀಸಾಗಿ, ಕರೆದ ನೆಂಟನ ಹಾಗೆ ಹೋಗುತ್ತಿತ್ತು. ಬಾವ ಹಂಡೆಗೆ ನೀರು ಸುರಿದರು. ಅಕ್ಕ ಓಡಿದಳು, ಹಿಂದೆಯೇ ನಾನು.

ಬೆಳಿಗ್ಗೆ ಒಳಗೆ ಸಾವಿರಾರು ಹುಳು ಸೊಪ್ಪು ಮೇಯುವ ಚರಪರ ಸದ್ದಿತ್ತು. ಈಗ ಏನೂ ಇಲ್ಲ. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿ, ಎಲ್ಲವೂ ಒಂದೇ ಮಾತು ಕೇಳಿಸಿಕೊಳ್ಳುತ್ತಿರುವಂತೆ, ಅಲುಗಾಡದೆ ನಿಂತಿದ್ದವು.

"ಸತ್ತೋದ್ವಾ ಅಕ್ಕಾ?"

"ಬಾಯ್ಮುಚ್ಚೋ. ನಾಲ್ಕನೇ ಜ್ವರಕ್ಕೆ ಕೂತವೆ." ಪೊರೆ ಬಿಡುವ ಮುಂಚಿನ ನಿದ್ದೆಗೆ ಅಲ್ಲಿ ಜ್ವರ ಅನ್ನುತ್ತಾರೆ. "ಎದ್ದು ಸೊಪ್ಪು ಮುಟ್ಟಿದ್ರೆ ಉಳ್ಕೊಂಡ್ವು ಅಂತ. ಇಲ್ದಿದ್ರೆ ಇಲ್ಲ."

ಸೆರಗಿನಿಂದ ಕಿಟಕಿಯತ್ತ ಬೀಸುತ್ತಲೇ ಇದ್ದಳು. ಹೊಗೆ ಹೋದ ಮೇಲೂ ಬೀಸುತ್ತಿದ್ದಳು.

ಅವು ಏಳುವ ಮೊದಲೇ ನಾನು ಸಂಜೆಯ ಬಸ್ಸಿಗೆ ಕೋಲಾರಕ್ಕೆ ಹೊರಟೆ. ಆಮೇಲೆ ಫೋನಿನಲ್ಲಿ "ಎಲ್ಲಾ ಚೆನ್ನಾಗವೆ ಕಣೋ" ಎಂದಳು. ಆದರೆ ಕೈ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗಲೂ ಫೋನಿನಲ್ಲಿ ಅವಳು ಹೇಳಿದ್ದು ಇದೇ ಮಾತು. ಹಿಪ್ಪುನೇರಳೆ ತೋಟ ಇನ್ನೂ ಇದೆ, ನಿಜ. ಹಟ ಹಿಡಿದೂ ಉಳಿಸಿಕೊಂಡಿರಬಹುದು. ಬಾವನನ್ನು ಕೇಳಿದರೆ ಗಾಳಿ ತಿರುಗಲೇ ಇಲ್ಲ ಅನ್ನುತ್ತಾರೆ.

ಹೋದ ತಿಂಗಳು ಅಕ್ಕನ ಪಕ್ಕದ ಮನೆಯ ಅಜ್ಜಿಯನ್ನು ಆ ಬೆಳೆ ಏನಾಯಿತೆಂದು ಕೇಳಿದೆ.

"ಫ್ರಿಜ್ಗೆ ಬೆಂಕಿ ಇಟ್ರಲ್ಲ, ಆ ಬೆಳೆ ತಾನೆ?" ಎಂದು ನಕ್ಕು, ನೆನಪಿದ್ದದ್ದನ್ನು ಹೇಳಿದರು. ಅವರ ಮಗನನ್ನೂ ಬೇರೆಯಾಗಿ ವಿಚಾರಿಸಿದೆ. ಅವನೂ ಅದನ್ನೇ ಹೇಳಿದ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳು, ಅಂದರೆ ಚಂದ್ರಿಕೆಗಳು, ಆ ಸಲ ಅಕ್ಕನ ಮನೆಯಲ್ಲಿ ಇದ್ದಷ್ಟು ಸಾಲಲಿಲ್ಲ. ಅವರ ಮನೆಯಿಂದ ಎರಡು ಕೇಳಿ ಪಡೆದು, ಅವಳೇ ತಲೆಯ ಮೇಲೆ ಹೊತ್ತುಕೊಂಡು ಹೋಗಿದ್ದಳು.