ನೆಲಕ್ಕೆ ಹುಯ್ದ ಅಂಬಲಿ

ನಾನು ಮದುವೆಯಾಗಿ ಕೋಲಾರದ ಚಿನ್ನದ ಗಣಿಯ ಕೂಲಿಗಾರರ ಸಾಲುಮನೆಗೆ, ಅಂದರೆ ಲೈನಿಗೆ, ಬಂದದ್ದು ಎರಡನೇ ಮಹಾಯುದ್ಧಕ್ಕೆ ಮುಂಚೆ. ಗಂಡ ಗಣಿಯ ಆಳದಲ್ಲಿ ಬಂಡೆ ಕೊರೆಯುತ್ತಿದ್ದರು. ಅತ್ತೆ ಬಂಗಾರಪೇಟೆ ಕಡೆಯ ಹಳ್ಳಿಯವರು. ಮಗನ ಜೊತೆ ಲೈನಿಗೆ ಬಂದು ವರ್ಷಗಳಾಗಿದ್ದರೂ ಅವರ ಮಾತೆಲ್ಲ ಹೊಲದ್ದೇ.

ಅಲ್ಲಿ ಆಗಾಗ ನೆಲ ನಡುಗುತ್ತಿತ್ತು. ಅದಿರು ತೆಗೆದು ಟೊಳ್ಳು ಮಾಡಿದ ಕಡೆ ಭಾರ ತಡೆಯಲಾರದೆ ಬಂಡೆ ಸಿಡಿಯುತ್ತದೆ ಎಂದು ಗಂಡ ಹೇಳಿದ್ದರು. ಹಲಗೆಯ ಮೇಲಿನ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಅತ್ತೆ ಮಾತ್ರ ತಣ್ಣನೆಯ ರಾಗಿ ಅಂಬಲಿಯನ್ನು ಒಂದು ಸೌಟು ತಂದು ಹೊಸ್ತಿಲಾಚೆ ನೆಲಕ್ಕೆ ಹುಯ್ದು, "ಸುದಾರಿಸ್ಕೊ ತಾಯಿ" ಅನ್ನುತ್ತಿದ್ದರು. ಜ್ವರದವರಿಗೆ ಕೊಡುವಂಥ, ಉಪ್ಪು ಬಿಟ್ಟರೆ ಏನೂ ಇಲ್ಲದ ಅಂಬಲಿ ಅದು. ನನ್ನ ಗಂಡನಿಗಾದರೆ ಮಜ್ಜಿಗೆ ಬೇಕು, ಮೇಲೆ ಹಸಿ ಈರುಳ್ಳಿ ಬೇಕು. ಇಲ್ಲದಿದ್ದರೆ ಲೋಟವನ್ನೇ ಮುಟ್ಟುತ್ತಿರಲಿಲ್ಲ. ಭೂಮಿತಾಯಿಗೆ ಇಲ್ಲದ ದೌಲತ್ತು ಈ ಮನುಷ್ಯನಿಗೆ ಎಂದು ನಾನು ರೇಗಿಸುತ್ತಿದ್ದೆ.

"ಕೆಳಕ್ಕೆ ಇಳಿದಷ್ಟೂ ಬಿಸಿ ಕಣವ್ವ, ಮೈಯೆಲ್ಲ ಬೆವರು," ಎಂದು ಗಂಡ ಹೇಳಿದರೆ ಅತ್ತೆಗೆ ಅದೇ ಸಾಕ್ಷಿ.

"ಜರ ಕಣ್ಲಾ ಅದು. ಮೈ ಕೊರುದ್ರೆ ಜರ ಬರಲ್ವಾ? ಬುಡು, ಗಾಯ ಅವಳೇ ಮಾಯಿಸ್ಕೊತಾಳೆ."

ಪುರಾವೆಗಳನ್ನು ಅವರು ಊರಿನಿಂದಲೇ ಗಂಟು ಕಟ್ಟಿಕೊಂಡು ಬಂದಂತಿತ್ತು. ಕಡಿದ ಹೊಂಗೆ ಚಿಗುರುತ್ತದೆ. ಬೀಳು ಬಿಟ್ಟ ಹೊಲ ತಾನೇ ಸತ್ವ ತುಂಬಿಕೊಳ್ಳುತ್ತದೆ. ಬಿಸಿಲಿಗೆ ಆರಿದ ಕೆರೆಯ ನೀರು ಮಳೆಯಾಗಿ ಕೆರೆಗೇ ಬರುತ್ತದೆ. ಹೆಚ್ಚಾದದ್ದನ್ನು ಇಳಿಸಿ, ಕಡಿಮೆಯಾದದ್ದನ್ನು ತುಂಬಿ ಭೂಮಿ ತನ್ನ ಮೈಯನ್ನು ತಾನೇ ನೋಡಿಕೊಳ್ಳುತ್ತಾಳೆ ಎಂಬುದು ಅವರ ವಾದ. ನನಗೂ ಅದು ಸರಿಯೆಂದೇ ತೋರುತ್ತಿತ್ತು.

ಒಂದು ಬೆಳಿಗ್ಗೆ ಮನೆಯಲ್ಲಿ ಮಜ್ಜಿಗೆ ಇರಲಿಲ್ಲ. ಗಂಡ ಮುಖ ಊದಿಸಿಕೊಂಡು ಅಂಬಲಿ ಮುಟ್ಟದೆ ಪಾಳಿಗೆ ಹೋದರು. ಬಿಸಿಲೇರುವ ಹೊತ್ತಿಗೆ ನೆಲ ನಡುಗಿತು. ಆ ದಿನ ಪಾತ್ರೆಗಳು ಗಲಗಲ ಎನ್ನಲಿಲ್ಲ, ಕೆಳಗೇ ಬಿದ್ದವು. ಅತ್ತೆ ಅಂಬಲಿ ಹುಯ್ದೇ ಹೊರಟರು. ನಾನು ಕಾಯದೆ ಓಡಿದೆ. ಗಣಿಯೊಳಕ್ಕೆ ಇಳಿಯುವ ಶಾಫ್ಟಿನ ಬಳಿ ಲೈನಿನ ಹೆಂಗಸರೆಲ್ಲ ನಿಂತಿದ್ದರು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಒಂದೇ ಪ್ರಶ್ನೆ. ಆಳುಗಳನ್ನು ಹೊತ್ತ ಕೇಜು ಮೇಲೆ ಬಂದಾಗಲೆಲ್ಲ ಒಂದೊಂದೇ ಮುಖ ನೋಡಿದೆವು. ನನ್ನ ಗಂಡ ಕೊರೆಯುತ್ತಿದ್ದ ಜಾಗ ಪೂರ್ತಿ ಮುಚ್ಚಿಹೋಗಿದೆ, ಹೆಣ ತೆಗೆಯಲೂ ಆಗದು ಎಂದು ಕೊನೆಗೆ ಮೇಸ್ತ್ರಿ ಹೇಳಿದ.

ಮನೆಗೆ ಬಂದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

"ಮಾಯ್ತಲ್ಲ ಅತ್ತೆ, ನಿಮ್ಮ ತಾಯಿ ಗಾಯ! ಒಳಗೆ ಯಾರವ್ರೆ ಅಂತ್ಲೂ ನೋಡ್ದೆ ಮುಚ್ಕೊಂಡ್ಳು," ಅಂದೆ.

ಭೂಮಿಗೆ ಜೀವವಿದೆ ಎಂಬುದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಅದಕ್ಕೆ ನಮ್ಮ ಗುರುತಿದೆ ಎಂದು ಮಾತ್ರ ಅಂದಿನಿಂದ ನಂಬಿಲ್ಲ.

ತಿಥಿ ಮುಗಿದು, ಲೈನು ಬಿಟ್ಟು ಊರಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದಾಗ ನೆಲ ಮತ್ತೆ ಸಣ್ಣಗೆ ನಡುಗಿತು. ಇನ್ನು ಇವರು ಸೌಟು ಮುಟ್ಟಲಾರರು ಎಂದುಕೊಂಡೆ. ಅತ್ತೆ ಎದ್ದು ಹೋಗಿ ಪಕ್ಕದ ಮನೆಯಿಂದ ಮಜ್ಜಿಗೆ ಕೇಳಿ ತಂದು ಅಂಬಲಿಗೆ ಬೆರೆಸಿದರು. ಆಮೇಲೆ ಈಳಿಗೆಮಣೆ ಎಳೆದುಕೊಂಡು ಈರುಳ್ಳಿ ಹೆಚ್ಚತೊಡಗಿದರು.

"ಬೂಮ್ತಾಯಿಗೆ ಈರುಳ್ಳಿ ಯಾಕತ್ತೆ?" ಎಂದೆ.

"ಅವಳಿಗಲ್ಲ ಕಣಮ್ಮ," ಅಂದರು. "ಅವನು ಅವತ್ತು ಏನೂ ಕುಡೀದೆ ಓಗ್ಬುಟ್ನಲ್ಲ."